ಅರ್ಧ ತಲೆ ಬಿಟ್ಟ ಹೇಮಣ್ಣ

ಬಹಳ ಹಿಂದೆ, ಕಪ್ಪು ಎರೆನೆಲದ ಒಂದು ಊರಿನಲ್ಲಿ, ಹೇಮಣ್ಣನೆಂಬ ಕ್ಷೌರಿಕನಿದ್ದನಂತೆ. ಯಾವ ಅರಸನ ಕಾಲ ಎಂದು ಕೇಳಬೇಡಿ. ನನಗೆ ಹೇಳಿದ ನನ್ನ ಅತ್ತೆಗೆ ಗೊತ್ತಿರಲಿಲ್ಲ, ಅವಳಿಗೆ ಹೇಳಿದ ಅವಳ ಅತ್ತೆಗೂ ಗೊತ್ತಿರಲಿಲ್ಲ. ಊರು ಮಾತ್ರ ಇದೇ, ಈಗ ನೀವು ಕೂತಿರುವ ಎರೆಬಾವಿ. ಏ ಹುಡುಗಿ, ಆ ಮೂಲೆಯಲ್ಲಿ ಕೂದಲನ್ನು ಹೊರೆ ಕಟ್ಟಿದ ಹಾಗೆ ಬಿಗಿದುಕೊಂಡು ಕೂತಿದ್ದೀಯಲ್ಲ, ಮೊದಲು ಆ ಜಡೆ ಸಡಿಲಿಸು. ಸಡಿಲಿಸಿದೆಯಾ? ಹಾಂ, ಈಗ ಕೇಳು.

ಹೇಮಣ್ಣನ ಕೈ ಅಂಥಿಂಥ ಕೈಯಲ್ಲ. ಕೂತಲ್ಲೇ ನಿದ್ದೆ ಹೋದವನ ತಲೆಯನ್ನು ನಿದ್ದೆ ಕೆಡಿಸದೆ ಬೋಳಿಸುತ್ತಿದ್ದ ಎಂದು ಹೇಳುತ್ತಾರೆ. ಹೆಕ್ಕತ್ತಿನ ಮೇಲೆ, ಅಂದರೆ ಕತ್ತಿನ ಹಿಂಭಾಗದಲ್ಲಿ, ಹೆಬ್ಬೆರಳು ಇಟ್ಟರೆ ಸಾಕು, ಆ ಮನುಷ್ಯ ಉಂಡು ಬಂದಿದ್ದಾನೋ ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದಾನೋ ಅವನಿಗೆ ತಿಳಿಯುತ್ತಿತ್ತಂತೆ. ತಿಳಿದರೂ ಹೇಳುತ್ತಿರಲಿಲ್ಲ. ಕೂತವನ ಮನೆಯ ಮಾತನ್ನು ಕ್ಷೌರಿಕ ಆಡಬಾರದು ಎನ್ನುವುದು ಅವರ ಕಟ್ಟಳೆ. ಇನ್ನೊಂದು ಕಟ್ಟಳೆಯೂ ಇತ್ತು. ಒಬ್ಬ ಶುರುಮಾಡಿದ ತಲೆಗೆ ಇನ್ನೊಬ್ಬ ಕತ್ತಿ ಇಡುವಂತಿಲ್ಲ, ಶುರುಮಾಡಿದವನೇ ಮುಗಿಸಬೇಕು. ಸುತ್ತ ಹತ್ತು ಹಳ್ಳಿಯ ಕ್ಷೌರಿಕರಲ್ಲಿ ಯಾರೂ ಇದನ್ನು ಮೀರುತ್ತಿರಲಿಲ್ಲ.

ಊರಿಗೆ ಮಲಕಾಜಗೌಡ ಎಂಬ ಗೌಡನಿದ್ದ. ಅವನ ಮನೆಯಲ್ಲಿ ಒಂದು ಬೆಳ್ಳಿಯ ನಾಗರವಿತ್ತು. ಹೆಡೆ ಎತ್ತಿದ ಹಾವಿನ ಆಕಾರದ, ಅರ್ಧ ಸೇರು ತೂಗುವ ತಲೆಯೊಡವೆ. ಆ ಮನೆಗೆ ಬಂದ ಸೊಸೆ ಮದುವೆಯ ಮರುದಿನದಿಂದ ಮೊದಲ ಮಗು ಹುಟ್ಟುವತನಕ ಅದನ್ನು ತುರುಬಿನ ಕೆಳಗೆ, ಹೆಕ್ಕತ್ತಿನ ಕೂದಲಿಗೆ ಕಟ್ಟಿಕೊಂಡಿರಬೇಕು. ನಾಗಪ್ಪ ಸೊಸೆಯ ತಲೆಯಲ್ಲಿ ಕೂತು ವಂಶ ಕಾಯುತ್ತಾನೆ ಎಂದು ನಂಬಿಕೆ. ನಾಗರಪಂಚಮಿಯ ದಿನ ಊರೆಲ್ಲ ನೋಡುತ್ತಿರುವಾಗ ಆ ಸೊಸೆ ಹುತ್ತಕ್ಕೆ ಹಾಲೆರೆದು ಮೂರು ಸಲ ತಲೆ ಬಾಗಬೇಕು. ಬಾಗಿದಾಗ ನಾಗರ ಕಳಚಿ ಬಿತ್ತೋ, ನಾಗಪ್ಪ ಅವಳನ್ನು ಒಲ್ಲೆ ಎಂದ ಹಾಗೆ. ಅಂದೇ ಬಂಡಿ ಕಟ್ಟಿ ತವರಿಗೆ ಕಳಿಸುತ್ತಿದ್ದರು. ಹಿಂದೆ ಒಬ್ಬಳನ್ನು ಹಾಗೆ ಕಳಿಸಿದ್ದರಂತೆ, ಅವಳ ಹೆಸರನ್ನೂ ಊರು ನೆನಪಿಟ್ಟುಕೊಳ್ಳಲಿಲ್ಲ.

ಆ ವರ್ಷ ಗೌಡನ ಮನೆಗೆ ಪಾರವ್ವ ಎಂಬ ಹುಡುಗಿ ಸೊಸೆಯಾಗಿ ಬಂದಿದ್ದಳು. ತವರಿನಲ್ಲಿ ಅವಳ ಬೆನ್ನಿಗೆ ಇಬ್ಬರು ತಂಗಿಯರು. ದೋಷವಿದೆ ಎಂದು ಅಕ್ಕ ವಾಪಸು ಬಂದರೆ ಆ ಇಬ್ಬರನ್ನು ಕೇಳುವವರು ಯಾರು? ಗಂಡ ಈರಭದ್ರ ಕೆಟ್ಟವನಲ್ಲ. ಆದರೆ ಅಪ್ಪನ ಮುಂದೆ ಕೆಮ್ಮುವುದಕ್ಕೂ ಹೆದರುವವನು. ಇಂಥ ಗಂಡಂದಿರು ಎಲ್ಲ ಕಾಲದಲ್ಲೂ ಸಿಗುತ್ತಾರೆ, ಹುಡುಕಬೇಕಾಗಿಲ್ಲ.

ದಿನಾ ಬೆಳಿಗ್ಗೆ ಅತ್ತೆ ಬಾಳವ್ವ, ಅಂದರೆ ಗೌಡ್ತಿ, ಸೊಸೆಯನ್ನು ಮುಂದೆ ಕೂರಿಸಿಕೊಂಡು ನಾಗರ ಕಟ್ಟುತ್ತಿದ್ದಳು. ಮಿಂದ ಕೂದಲು ಹಸಿ ಇರುವಾಗಲೇ ಕಟ್ಟುತ್ತಿದ್ದಳು, ಹಸಿಗೂದಲು ಚೆನ್ನಾಗಿ ಕೂರುತ್ತದೆ ಎಂದು. ಹುರಿಹಗ್ಗ ಸುತ್ತಿ ಎಳೆಯುತ್ತಿದ್ದಳು. ಹುಡುಗಿಯ ಹುಬ್ಬು ಮೇಲೇರುವವರೆಗೆ ಎಳೆಯುತ್ತಿದ್ದಳು. ಮೊದಲ ತಿಂಗಳು ಪಾರವ್ವನಿಗೆ ತಲೆಶೂಲೆ. ಮೂರನೆಯ ತಿಂಗಳು ದಿಂಬಿನ ಮೇಲೆ ಕೂದಲು. ಐದನೆಯ ತಿಂಗಳಿಗೆ ಹೆಕ್ಕತ್ತಿನಲ್ಲಿ ಚರ್ಮ ಕಾಣತೊಡಗಿತು. ಅವಳು ದೀಪದ ಕಾಡಿಗೆಯನ್ನು ಬೆರಳಲ್ಲಿ ತೆಗೆದು ಅಲ್ಲಿಗೆ ಬಳಿದುಕೊಳ್ಳುತ್ತಿದ್ದಳಂತೆ. ಅತ್ತೆ ಕಟ್ಟುವಾಗ ಎಲ್ಲಿ ಕಂಡುಬಿಡುತ್ತದೋ ಎಂದು ಉಸಿರು ಹಿಡಿದು ಕೂರುತ್ತಿದ್ದಳಂತೆ. ಪಂಚಮಿಗೆ ಇನ್ನು ನಲವತ್ತು ದಿನ ಉಳಿದಿತ್ತು.

ಹೇಮಣ್ಣನ ಹೆಂಡತಿ ಯಮನವ್ವ ಗೌಡರ ಮನೆಯ ಹೆಂಗಸರಿಗೆ ಎಣ್ಣೆ ಹಚ್ಚಿ ನೀರು ಹಾಕುವವಳು. ಕಾಡಿಗೆ ಅವಳ ಕೈಗೆ ಹತ್ತಿತು. ಪಾರವ್ವ ಅವಳ ಎರಡೂ ಕೈ ಹಿಡಿದುಕೊಂಡು, ಯಾರಿಗೂ ಹೇಳಬೇಡ, ನಾಗರ ಬೀಳದ ಹಾಗೆ ಏನಾದರೂ ಮಾಡು ಎಂದು ಅತ್ತಳಂತೆ. ಯಮನವ್ವ ಗಂಡನಿಗೆ ಹೇಳಿದಳು. ಗಂಡನಿಗೆ ಹೇಳಿದರೆ ಯಾರಿಗೂ ಹೇಳಿದ ಹಾಗಲ್ಲವಲ್ಲ.

ಈಗ ನೋಡಿ, ಹೇಮಣ್ಣ ದೊಡ್ಡವನೇ. ಆದರೆ ತಪ್ಪು ಮಾಡಿದ. ಹುಟ್ಟಿದಾಗಿನಿಂದ ಗಂಡಸರ ಕತ್ತು ನೋಡಿದವನು, ಗಂಡಸರ ಮದ್ದನ್ನೇ ಹೇಳಿದ. ಗಂಡಸರಿಗೆ ಕೂದಲು ತೆಳುವಾದಲ್ಲಿ ಕತ್ತಿಯ ಬೆನ್ನಿನಿಂದ ಕೆರೆದು, ಕೆಂಪೇರುವವರೆಗೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಉಜ್ಜುತ್ತಿದ್ದ. ಅದನ್ನೇ ಮಾಡು ಎಂದ. ಯಮನವ್ವ ಕೆರೆದಳು, ಉಜ್ಜಿದಳು. ಅದರ ಮೇಲೆಯೇ ಅತ್ತೆ, ಕಂಡೂ ಕಾಣದವಳ ಹಾಗೆ, ನಾಗರ ಬಿಗಿದಳು. ಒಂದು ವಾರ, ಎರಡು ವಾರ. ಕೂದಲು ಬರುವ ಮಾತು ಹಾಗಿರಲಿ, ಅಲ್ಲಿ ಗುಳ್ಳೆ ಎದ್ದು, ಒಡೆದು, ಕೀವಾಯಿತು. ಎರಡು ಬೆರಳು ಅಗಲವಿದ್ದ ಬೋಳು ನಾಲ್ಕು ಬೆರಳಾಯಿತು.

ಆಗ ಹೇಮಣ್ಣ ಬೆವರಿದ. ಬಚ್ಚಲಲ್ಲಿ ಬಿದ್ದ ಅವಳ ಕೂದಲನ್ನು ತೆಗೆದುಕೊಂಡು ಬಾ ಎಂದ. ಮೊದಲೇ ಮಾಡಬೇಕಾಗಿದ್ದ ಕೆಲಸ. ತನ್ನ ಹಿತ್ತಾಳೆಯ ಕನ್ನಡಿಯ ಮೇಲೆ ಒಂದೊಂದೇ ಎಳೆಯನ್ನು ಹಾಸಿ ನೋಡಿದ. ತಾನಾಗಿ ಉದುರಿದ ಕೂದಲಿನ ಬುಡ ಒಣಗಿರುತ್ತದೆ. ಇವುಗಳ ಬುಡಕ್ಕೆ ಬಿಳಿಯ ಪೊರೆ ಅಂಟಿತ್ತು, ಜೀವ ಇರುವಾಗಲೇ ಎಳೆದು ಕಿತ್ತ ಸಸಿಯ ಬೇರಿಗೆ ಮಣ್ಣು ಅಂಟಿರುತ್ತದಲ್ಲ, ಹಾಗೆ. ದೋಷವೂ ಇಲ್ಲ, ರೋಗವೂ ಇಲ್ಲ. ಆ ಅರ್ಧ ಸೇರು ಬೆಳ್ಳಿ ದಿನದಿನವೂ ಕಿತ್ತ ಕೂದಲು ಅದು. ನಾಗರ ಇಳಿಸದೆ ಯಾವ ಮದ್ದೂ ನಡೆಯುವುದಿಲ್ಲ ಎಂದು ಅವನಿಗೆ ತಿಳಿಯಿತು.

ಯಮನವ್ವ ಉಪಾಯದಿಂದ ಗೌಡ್ತಿಯ ಕಿವಿಗೆ ಹಾಕಿ ನೋಡಿದಳು. ಸ್ವಲ್ಪ ಸಡಿಲ ಕಟ್ಟಬಾರದೇ ಅವ್ವ, ಎಂದಳು. ಗೌಡ್ತಿ ಉರಿದುಬಿದ್ದಳು.

"ನಾನೂ ಹೊತ್ತೀನಿ, ನಮ್ಮ ಅತ್ತೀನೂ ಹೊತ್ತಾಳ. ಇಕಿ ತಲಿ ಏನು ಬೆಣ್ಯಾಗ ಮಾಡ್ಯಾರೇನು?"

ಪಂಚಮಿಗೆ ಒಂಬತ್ತು ದಿನ ಉಳಿದಾಗ ಗೌಡನ ಕ್ಷೌರದ ದಿನ ಬಂತು. ಆ ಕಾಲದಲ್ಲಿ ಗಂಡಸರು ಜುಟ್ಟು ಬಿಟ್ಟು ಸುತ್ತಲೂ ಬೋಳಿಸಿಕೊಳ್ಳುತ್ತಿದ್ದರು. ಗೌಡ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತ. ಸುತ್ತ ಹತ್ತು ಮಂದಿ ಹಿರಿಯರು ಕೂತಿದ್ದರು. ಹೇಮಣ್ಣ ನೀರು ಹಚ್ಚಿದ, ಬಲಗಡೆಯನ್ನೆಲ್ಲ ನುಣ್ಣಗೆ ಬೋಳಿಸಿದ, ಹೆಕ್ಕತ್ತಿನ ನಡುವಿಗೆ ಬಂದ. ಅಲ್ಲಿ ನಿಲ್ಲಿಸಿದ. ಕತ್ತಿ ಒರೆಸಿದ, ಮಡಿಸಿದ, ಚೀಲದಲ್ಲಿಟ್ಟು ದಾರ ಕಟ್ಟಿದ.

"ಗೌಡ್ರ, ಅರ್ಧ ಆತು. ಇನ್ನರ್ಧ ನನ್ನ ಮಾತು ಕೇಳಿದ ಮ್ಯಾಲ."

ಅರ್ಧ ಬೋಳಿಸಿದ ತಲೆ ಎಂದರೆ ಕಳ್ಳನಿಗೆ ಮಾಡುವ ಶಿಕ್ಷೆ. ಊರ ಗೌಡ ಅರ್ಧ ತಲೆಯಲ್ಲಿ ಕೂತಿದ್ದಾನೆ. ಹೇಮಣ್ಣ ನಿಂತಲ್ಲೇ ಹೇಳಿದ: ಸೊಸೆಗೆ ದೋಷವಿಲ್ಲ, ನಾಗರದ ಭಾರಕ್ಕೆ ಅವಳ ಹೆಕ್ಕತ್ತಿನ ಕೂದಲು ಕಿತ್ತುಬರುತ್ತಿದೆ, ಅದನ್ನು ಇವತ್ತೇ ಇಳಿಸಬೇಕು. ಒಂದೇ ಉಸಿರಿಗೆ ಎರಡು ತಪ್ಪು ಮಾಡಿದ. ತಲೆ ಅರ್ಧಕ್ಕೆ ಬಿಟ್ಟ. ಮನೆಯೊಳಗಿನ ಹೆಣ್ಣಿನ ಮಾತನ್ನು ಹತ್ತು ಮಂದಿಯ ಮುಂದೆ ಆಡಿದ. ಒಳಗೆ ಬಾಗಿಲ ಹಿಂದೆ ಪಾರವ್ವ ಕೇಳಿಸಿಕೊಂಡಳು. ಮುಚ್ಚಿಟ್ಟದ್ದೆಲ್ಲ ಬಯಲಾಯಿತು, ಇನ್ನು ಪಂಚಮಿಯವರೆಗೂ ಕಾಯುವುದಿಲ್ಲ, ಈಗಲೇ ಬಂಡಿ ಕಟ್ಟುತ್ತಾರೆ ಎಂದುಕೊಂಡಳು.

ಗೌಡ ಬಂಡಿ ಕಟ್ಟಿಸಲಿಲ್ಲ. ಹೇಮಣ್ಣನನ್ನು ಕಟ್ಟಿಸಿದ. ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿ, ಬೇರೆ ಕ್ಷೌರಿಕನನ್ನು ಕರೆತನ್ನಿ ಎಂದು ಆಳು ಓಡಿಸಿದ. ಪಕ್ಕದ ಹಳ್ಳಿಯ ಕ್ಷೌರಿಕ ಬಂದ. ಗೌಡನ ತಲೆ ನೋಡಿ, ಶುರು ಮಾಡಿದವರು ಯಾರು ಎಂದು ಕೇಳಿದ. ಹೇಮಣ್ಣ ಎಂದರು. ಚೀಲ ಬಗಲಿಗೇರಿಸಿ ಬಂದ ದಾರಿ ಹಿಡಿದ. ಇನ್ನೊಂದು ಹಳ್ಳಿಯವನು ಬಂದ, ಕೇಳಿದ, ಹೋದ. ಮೂರನೆಯವನು ಊರ ಅಗಸೆಬಾಗಿಲಲ್ಲೇ ಸುದ್ದಿ ತಿಳಿದು ಒಳಗೇ ಬರಲಿಲ್ಲ. ಹೀಗೆ ನಾಲ್ಕು ದಿನ ಹೋಯಿತು. ಗೌಡ ರುಮಾಲು ಸುತ್ತಿಕೊಂಡು ಒಳಮನೆ ಸೇರಿದ. ಆದರೆ ಪಂಚಮಿಯ ದಿನ ಸೊಸೆಗಿಂತ ಮೊದಲು ಗೌಡನೇ ರುಮಾಲು ತೆಗೆದು, ಬರಿದಲೆಯಲ್ಲಿ ಹುತ್ತಕ್ಕೆ ಬಾಗಬೇಕು. ಒಂದೇ ಮನೆಯಲ್ಲಿ ಇಬ್ಬರು ಪಂಚಮಿಯನ್ನು ನೆನೆದು ನಡುಗುತ್ತಿದ್ದರು ಎಂದು ಹೇಳುತ್ತಾರೆ.

ಯಮನವ್ವ ಕೊಟ್ಟಿಗೆಗೆ ಅಂಬಲಿ ತಂದುಕೊಟ್ಟು, ನಿನ್ನ ಕೈ ಕಡಿಯುತ್ತಾರಂತೆ, ಗೌಡರ ತಲೆ ಮುಗಿಸಿಬಿಡು ಎಂದು ಬೇಡಿಕೊಂಡಳು.

"ಆ ಹುಡುಗಿ ಕತ್ತಿನ ಮ್ಯಾಲ ಗಾಯ ಮಾಡಿಸಿದಾಂವ ನಾನ," ಎಂದ ಹೇಮಣ್ಣ. "ಸುಮ್ಮನ ಹೆಂಗ ಇರ್ಲಿ?"

ಐದನೆಯ ದಿನ ಗೌಡನೇ ಕೊಟ್ಟಿಗೆಗೆ ಬಂದ. ಕೈಯಲ್ಲಿ ಮೇವು ಕೊಚ್ಚುವ ಕುಡುಗೋಲು. ತಲೆ ಮುಗಿಸುತ್ತೀಯೋ, ಬಲಗೈ ಕೊಡುತ್ತೀಯೋ ಎಂದು ಕೇಳಿದ. ಹೇಮಣ್ಣ ದನಕ್ಕೆ ಮೇವು ಹಾಕುವ ಗೋದಲಿಯ ಕಟ್ಟೆಯ ಮೇಲೆ ತನ್ನ ಬಲಗೈ ಚಾಚಿಟ್ಟ. ಕಡಿದರೆ ನಿಮ್ಮ ತಲೆ ಎಂದೆಂದಿಗೂ ಅರ್ಧವೇ ಎಂದ. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಹೇಳಿದ.

"ಒಂದ ದಿನ ರೀ ಗೌಡ್ರ. ಹೊತ್ತು ಮೂಡಿದಾಗಿಂದ ಮುಳುಗೂತನಕ ಆ ನಾಗರ ನಿಮ್ಮ ಜುಟ್ಟಿನ ಬುಡಕ್ಕ ಕಟ್ಟಿಸ್ಕೊರಿ. ಸೊಸಿಗೆ ಕಟ್ಟಿದ್ಹಂಗ ಗೌಡ್ತೇರ ಕಟ್ಲಿ. ಸಂಜಿಗೆ ನಿಮಗ ಏನೂ ಆಗಿಲ್ಲಂದ್ರ ತಲೀನೂ ಮುಗಸ್ತೀನಿ, ಕೈನೂ ಕೊಡ್ತೀನಿ."

ಗೌಡ ನಕ್ಕನಂತೆ. ಹೆಣ್ಣುಮಗಳು ಆರು ತಿಂಗಳು ಹೊತ್ತದ್ದನ್ನು ಗಂಡಸು ಒಂದು ದಿನ ಹೊರಲಾರನೇ ಎಂದ. ಅದೇ ಹತ್ತು ಮಂದಿ ಹಿರಿಯರನ್ನು ಕರೆಸಿದ.

ಮರುದಿನ ಹೊತ್ತು ಮೂಡುವಾಗ ಗೌಡ ಮಿಂದು ಬಂದು ಕಟ್ಟೆಯ ಮೇಲೆ ಕೂತ. ಗೌಡ್ತಿ ಹಸಿ ಜುಟ್ಟಿಗೆ ಹುರಿ ಸುತ್ತಿದಳು. ಗಂಡ ಎಂದು ಅವಳು ಸಡಿಲ ಕಟ್ಟಬಹುದು ಎಂದು ಹೇಮಣ್ಣ ಹೆದರಿದ್ದ. ಆದರೆ ಅವಳ ಕೈಗೆ ಗೊತ್ತಿದ್ದದ್ದು ಒಂದೇ ಎಳೆತ. ಗೌಡನ ಹುಬ್ಬು ಮೇಲೇರಿತು. ಹೇಮಣ್ಣನನ್ನು ತಂದು ಎದುರಿನ ಕಂಬಕ್ಕೆ ಕಟ್ಟಿದರು, ಪಕ್ಕದಲ್ಲಿ ಕುಡುಗೋಲು ಇಟ್ಟರು.

ಹೊತ್ತು ಏರಿತು. ಗೌಡ ಹಿರಿಯರ ಜೊತೆ ಮಳೆ ಬೆಳೆಯ ಮಾತಾಡಿದ, ಎಲೆ ಅಡಿಕೆ ಹಾಕಿಕೊಂಡ. ಜುಟ್ಟು ಒಣಗುತ್ತ ಬಂದ ಹಾಗೆ ಹುರಿ ಚರ್ಮಕ್ಕೆ ಕಚ್ಚಿತು. ಮಧ್ಯಾಹ್ನಕ್ಕೆ ಅವನ ಮಾತು ಕಡಿಮೆಯಾಯಿತು. ರೊಟ್ಟಿ ತಂದಿಟ್ಟರು, ದವಡೆ ಆಡಿಸಿದರೆ ಕತ್ತು ಹಿಡಿಯುತ್ತಿತ್ತು, ಹಸಿವಿಲ್ಲ ಎಂದ. ಇಳಿಹೊತ್ತಿಗೆ ಅವನ ಕಣ್ಣಿನಿಂದ ನೀರು ಇಳಿಯತೊಡಗಿತು, ಒರೆಸಿಕೊಂಡರೆ ಸೋತ ಹಾಗೆ ಎಂದು ಒರೆಸಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಹೊತ್ತು ಮುಳುಗುವವರೆಗೆ ಕೂತ. ಹಟ ಎಂದರೆ ಹಟ. ಮುಳುಗಿದ ಮೇಲೆ, ನನಗೇನೂ ಆಗಿಲ್ಲ, ನಾಗರ ಬಿಚ್ಚು ಎಂದು ಹೆಂಡತಿಗೆ ಹೇಳಿದ. ಆಳು ಕುಡುಗೋಲು ಎತ್ತಿಕೊಂಡ. ಯಮನವ್ವ ಕಣ್ಣು ಮುಚ್ಚಿಕೊಂಡಳು.

ಗೌಡ್ತಿ ಹುರಿ ಬಿಚ್ಚಿದಳು. ನಾಗರದ ಜೊತೆ ಒಂದು ಹಿಡಿ ಕೂದಲು ಅವಳ ಕೈಗೆ ಬಂತು.

ಹೇಮಣ್ಣ ಯಮನವ್ವನನ್ನು ಕೂಗಿ ಕನ್ನಡಿ ತರಿಸಿದ. ಅವಳು ಅದರ ಮೇಲೆ ಒಂದು ಕಡೆ ತೆಗೆದಿಟ್ಟಿದ್ದ ಪಾರವ್ವನ ಕೂದಲು, ಇನ್ನೊಂದು ಕಡೆ ಗೌಡನ ಕೂದಲು ಹಾಸಿದಳು. ಎರಡರ ಬುಡಕ್ಕೂ ಅದೇ ಬಿಳಿ ಪೊರೆ. ಹತ್ತು ಮಂದಿಯೂ ಬಗ್ಗಿ ನೋಡಿದರು. ಗೌಡ ಮಾತ್ರ ನೋಡಲಿಲ್ಲ, ಕತ್ತು ಹೊರಳುತ್ತಿರಲಿಲ್ಲ.

"ಒಂದ ದಿನಕ್ಕ ಇಷ್ಟು," ಎಂದ ಹೇಮಣ್ಣ. "ನಾಗಪ್ಪ ನಿಮ್ಮನ್ನೂ ಒಲ್ಲೆ ಅಂದನೇನ್ರಿ? ನಿಮ್ಮನ್ನ ಯಾವ ತವರಿಗೆ ಕಳಸೂಣು?"

ಗೌಡನ ಮುಖ ಕಪ್ಪಾಯಿತು. ಅವನು ಕುಡುಗೋಲಿನ ಕಡೆ ಕೈ ಚಾಚಿದ ಎಂದು ಕೆಲವರು ಹೇಳುತ್ತಾರೆ, ಚಾಚಲಿಲ್ಲ ಎಂದು ಕೆಲವರು. ಆಮೇಲೆ ನಡೆದದ್ದನ್ನು ಮಾತ್ರ ಎಲ್ಲರೂ ಒಂದೇ ತೆರನಾಗಿ ಹೇಳುತ್ತಾರೆ. ಗೌಡ್ತಿ ಬಾಳವ್ವ ಆ ಗಂಡಸರ ನಡುವೆ ತಲೆಯ ಮೇಲಿನ ಸೆರಗು ಸರಿಸಿದಳು. ತನ್ನ ತುರುಬನ್ನು ಬಿಚ್ಚಿದಳು. ತುರುಬಿನೊಳಗಿನಿಂದ ಆಡಿನ ಕೂದಲಿನ ಗಂಟು ಕೆಳಗೆ ಬಿತ್ತು. ಅವಳ ಹೆಕ್ಕತ್ತು ಅಂಗೈಯಷ್ಟು ಬೋಳಾಗಿ, ಮಿರಮಿರ ಹೊಳೆಯುತ್ತಿತ್ತು.

ನಲವತ್ತು ವರ್ಷದಿಂದ ಅದನ್ನು ಮುಚ್ಚಿಕೊಂಡು ಬಂದಿದ್ದೇನೆ, ನನ್ನ ಪಂಚಮಿಯ ದಿನ ನಾಗರವನ್ನು ಮೇಣ ಹಚ್ಚಿ ಅಂಟಿಸಿಕೊಂಡು ಬಾಗಿದ್ದೆ, ಎಂದಳು. ಕಟ್ಟಿಕೊಂಡ ಗಂಡನಿಗೇ ಅದು ಗೊತ್ತಿರಲಿಲ್ಲ. ಇದನ್ನು ಹೇಳುವಾಗೆಲ್ಲ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ, ಗೊತ್ತಿದ್ದೂ ಆ ಹುಡುಗಿಯ ಕೂದಲು ಎಳೆದಳಲ್ಲ ಎಂದು. ಹಾಗೇ ಕನಿಕರವೂ ಬರುತ್ತದೆ. ತನಗೆ ದೋಷವಿದೆ ಎಂದೇ ಅವಳು ನಲವತ್ತು ವರ್ಷ ನಂಬಿದ್ದಳು, ಪಾಪ. ಸೊಸೆಗೆ ಗಟ್ಟಿಯಾಗಿ ಕಟ್ಟಿದರೆ ಬೀಳುವುದಿಲ್ಲ, ಹುಡುಗಿ ಉಳಿದುಕೊಳ್ಳುತ್ತಾಳೆ ಎಂದು ಎಳೆಯುತ್ತಿದ್ದಳು.

"ನಂದು ಇನ್ನ ಬರ್ತೈತೇನೊ, ಹೇಮಣ್ಣ?" ಎಂದು ಕೇಳಿದಳಂತೆ.

ಹೇಮಣ್ಣ ಸುಳ್ಳು ಹೇಳಲಿಲ್ಲ. ಹೊಳೆಯುವ ಚರ್ಮದಲ್ಲಿ ಬೇರು ಸತ್ತಿರುತ್ತದೆ, ನಿಮ್ಮದು ಬರುವುದಿಲ್ಲ ತಾಯಿ, ಪಾರವ್ವನದು ಇನ್ನೂ ಬರುತ್ತದೆ ಎಂದ. ಗೌಡ್ತಿ ಹೂಂ ಎಂದಳು. ಒಳಗೆ ಹೋಗಿ ಸೊಸೆಯ ಕೈ ಹಿಡಿದು ಹೊರಗೆ ಕರೆತಂದು, ಎಲ್ಲರ ಮುಂದೆ ಅವಳ ತುರುಬನ್ನು ತಾನೇ ಬಿಚ್ಚಿ ಬೆನ್ನ ಮೇಲೆ ಇಳಿಬಿಟ್ಟಳು. ಗೌಡ ಆಳಿಗೆ ಕುಡುಗೋಲು ಕೆಳಗಿಡಲು ಹೇಳಿದ. ಆಮೇಲೆ ಹೇಮಣ್ಣನ ಹಗ್ಗ ಬಿಚ್ಚಿ ಎಂದ.

ಹೇಮಣ್ಣ ಮೊದಲು ಹುಡುಗಿಯ ಮದ್ದು ಹೇಳಿದ, ಆಮೇಲೆ ಗೌಡನ ತಲೆ ಮುಗಿಸಿದ. ಗಾಯ ಮಾಯುವವರೆಗೆ ಬೇವಿನೆಲೆ ಕುದಿಸಿ ಆರಿಸಿದ ನೀರಲ್ಲಿ ತೊಳೆಯುವುದು ಬಿಟ್ಟು ಬೇರೇನೂ ಬೇಡ. ಮಾಯ್ದ ಮೇಲೆ ಗರಗದ ಸೊಪ್ಪು ಹಾಕಿ ಕಾಯಿಸಿದ ಎಳ್ಳೆಣ್ಣೆ, ಉಗುರುಬೆಚ್ಚಗೆ. ಉಜ್ಜಬಾರದು, ಬೆರಳ ತುದಿಯಿಂದ ಒತ್ತಬೇಕು ಅಷ್ಟೇ. ಕೂದಲು ಪೂರಾ ಒಣಗದೆ ಕಟ್ಟಬಾರದು. ಕಟ್ಟಿದರೂ ಸಡಿಲ ಹೆರಳು, ದಿನಾ ಒಂದೇ ಜಾಗಕ್ಕೆ ಭಾರ ಬೀಳಬಾರದು. ಹಲ್ಲು ಅಗಲವಿರುವ ಹಣಿಗೆ, ತುದಿಯಿಂದ ಬುಡಕ್ಕೆ ಬಿಡಿಸುತ್ತ ಬರಬೇಕು. ಮಲಗುವ ದಿಂಬಿಗೆ ಮೆತ್ತನೆಯ ಹಳೆಯ ಸೀರೆಯ ಬಟ್ಟೆ. ತಿನ್ನಲು ಎಳ್ಳು, ನುಗ್ಗೆಸೊಪ್ಪು, ಕಾಳುಪಲ್ಯ, ಹೊಟ್ಟೆತುಂಬ. ಕೇಳಿಸಿತೇ, ಹುಡುಗಿಯರೇ?

ಪಂಚಮಿ ಬಂತು. ನಾಗರವನ್ನು ಹುತ್ತದ ಮೇಲಿಟ್ಟರು. ಪಾರವ್ವ ಸಡಿಲ ಹೆರಳಿನಲ್ಲಿ, ಹೆಕ್ಕತ್ತಿನ ಮಾಯುತ್ತಿದ್ದ ಗಾಯ ಎಲ್ಲರಿಗೂ ಕಾಣುವ ಹಾಗೆ ಬಾಗಿದಳು. ಒಂದು ಸಲ ಬಾಗಿದಳು, ಜನ ಗುಸುಗುಸು ಎಂದರು. ಎರಡನೆಯ ಸಲ ಬಾಗಿದಳು, ಹುತ್ತದೊಳಗಿನಿಂದ ಏನಾದರೂ ಬಂದೀತು ಎಂದು ಹಿಂದೆ ಸರಿದರು. ಮೂರನೆಯ ಸಲ ಬಾಗಿ ಎದ್ದಳು. ಏನೂ ಆಗಲಿಲ್ಲ. ದೀಪಾವಳಿಯ ಹೊತ್ತಿಗೆ ಅಲ್ಲಿ ಹಸುಗೂಸಿನ ತಲೆಯಲ್ಲಿರುವಂಥ ನವಿರು ಕೂದಲು ಬಂತು, ಯುಗಾದಿಗೆ ಬೆರಳುದ್ದ ಆಯಿತು. ಅವಳ ತಂಗಿಯರ ಮದುವೆಯೂ ಆಯಿತು.

ಆದರೆ ಹೇಮಣ್ಣನ ಕೈ ಉಳಿದರೂ ಕತ್ತಿ ಉಳಿಯಲಿಲ್ಲ. ಹತ್ತು ಹಳ್ಳಿಯ ಕ್ಷೌರಿಕರು ಕೂಡಿ, ಯಾವ ಕಾರಣಕ್ಕೇ ಆಗಲಿ ತಲೆ ಅರ್ಧಕ್ಕೆ ಬಿಟ್ಟವನು, ಮನೆಯ ಮಾತು ಹೊರಗೆ ಆಡಿದವನು, ಇನ್ನು ಕತ್ತಿ ಹಿಡಿಯಬಾರದು ಎಂದರು. ಅವನು ಎದುರಾಡಲಿಲ್ಲ. ಕತ್ತಿಯನ್ನು ಅವರ ಮುಂದೆ ಇಟ್ಟು ಕೈಮುಗಿದು ಬಂದನಂತೆ. ಉಳಿದ ಆಯುಷ್ಯವೆಲ್ಲ ಯಮನವ್ವನ ಎಣ್ಣೆ ಕಾಯಿಸಿಕೊಡುತ್ತ ಕಳೆದ. ಊರಿನ ಸೊಸೆಯನ್ನು ಉಳಿಸಿದವನಿಗೆ ಊರು ಕೊಡುವ ಉಡುಗೊರೆ ಇದು, ನೋಡಿ.

ಮುಂದೆ ಬಂದ ಕ್ಷೌರಿಕರಿಗೆ ಇದು ಮನಸ್ಸಿಗೆ ಚುಚ್ಚಿತೋ ಏನೋ. ನಮ್ಮ ಎರೆಬಾವಿಯಲ್ಲಿ ಇವತ್ತಿಗೂ ಮನೆಯ ಯಜಮಾನನಿಗೆ ಕ್ಷೌರ ಮಾಡುವಾಗ ಹೆಕ್ಕತ್ತಿನ ನಡುವಿಗೆ ಬಂದರೆ ಕತ್ತಿ ಎತ್ತುತ್ತಾರೆ. ಮನೆಯ ಹೆಂಗಸರು ಹೇಳುವುದೇನಾದರೂ ಇದ್ದರೆ ಹೇಳಬಹುದು. ಹೇಳಿ ಮುಗಿಸುವವರೆಗೆ ಇನ್ನರ್ಧ ಬೋಳಿಸುವಂತಿಲ್ಲ, ಕೂತವನು ಏಳುವಂತಿಲ್ಲ. ಅದಕ್ಕೆ ಹೇಮಣ್ಣನ ಹೊತ್ತು ಎನ್ನುತ್ತಾರೆ.

ನಾನು ಸೊಸೆಯಾಗಿ ಬಂದ ಮೊದಲ ವರ್ಷ ನನ್ನ ಮಾವನ ಕ್ಷೌರ ನಡೆದಿತ್ತು. ಕ್ಷೌರಿಕ ಕತ್ತಿ ಎತ್ತಿದ. ನಾನು ಬಾಗಿಲ ಹಿಂದೆ ನಿಂತಿದ್ದೆ, ಸ್ವರ ಬರಲೊಲ್ಲದು. ಮಾವ ಕೆಮ್ಮಿದರು. ಕ್ಷೌರಿಕ ಮಿಸುಕಲಿಲ್ಲ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು, ಅವನು ಕತ್ತಿ ಎತ್ತಿ ಹಿಡಿದೇ ನಿಂತಿದ್ದ.

"ಮಾವ, ಎಲ್ಲರದೂ ಆದ ಮ್ಯಾಲ ಉಣ್ತೀನಿ," ಎಂದೆ. "ನನಗ ಹೊಟ್ಟಿ ತುಂಬೂದಿಲ್ರಿ."

ಅರ್ಧ ತಲೆಯಲ್ಲಿ ಕೂತ ಮಾವ ಅತ್ತೆಯನ್ನು ಕರೆದು, ಇನ್ನು ಮೇಲೆ ಹುಡುಗಿ ನಮ್ಮ ಜೊತೆಯಲ್ಲೇ ಉಣ್ಣಲಿ ಎಂದರು. ಆಮೇಲೆಯೇ ಕ್ಷೌರಿಕ ಕತ್ತಿ ಇಳಿಸಿದ.